ಪಾತ್ರದ ಬಾಯಿ, ಚಿತ್ರದ ಕಣ್ಣು

ಜಾತಿಯ ಹೆಮ್ಮೆಯಿಂದ ಬೀಗುವ, ತನಗಿಂತ ಕೀಳೆಂದು ಬಗೆದವರನ್ನು ಹೀಗಳೆಯುವ ಪಾತ್ರವೊಂದು ಚಲಚ್ಚಿತ್ರದಲ್ಲಿ ಬಂದ ಮಾತ್ರಕ್ಕೆ ಆ ಚಿತ್ರವೇ ಜಾತಿವಾದಿಯಾಯಿತೆ? ಈ ಪ್ರಶ್ನೆ ಈಗ ಕಾಲೇಜಿನ ತರಗತಿಗಳಲ್ಲಿಯೂ ಕೇಳಿಬರುತ್ತಿದೆ. ಅಂಥ ಮಾತು ತೆರೆಯ ಮೇಲೆ ಬರಲೇಕೂಡದೆನ್ನುವವರುಂಟು. ಕಥೆಯಲ್ಲವೆ, ಇರಲಿ ಬಿಡಿ ಎನ್ನುವವರೂ ಉಂಟು. ಇಬ್ಬರೂ ಪಾತ್ರದ ಬಾಯನ್ನೇ ನೋಡುತ್ತಾರೆ. ಚಿತ್ರದ ಕಣ್ಣು ಯಾರ ಪಕ್ಕದಲ್ಲಿ ನಿಂತಿದೆಯೆಂದು ನೋಡುವವರು ಕಡಿಮೆ.

ಕಿರಿಮಂಜೇಶ್ವರದ ಸುತ್ತಮುತ್ತ ಬಡಗುತಿಟ್ಟಿನ ಆಟ ನೋಡಿ ಬೆಳೆದವರಿಗೆ ಈ ಭೇದ ಹೊಸದೇನಲ್ಲ. ಕೀಚಕನ ವೇಷಧಾರಿ ಸೈರಂಧ್ರಿಯನ್ನು ದಾಸಿಯೆಂದು ಎಷ್ಟೇ ತುಚ್ಛವಾಗಿ ಕಂಡರೂ ಪ್ರಸಂಗವು ಕೀಚಕನ ಪಕ್ಷವೆಂದು ಯಾರೂ ಆಕ್ಷೇಪಿಸಿದ್ದಿಲ್ಲ. ಇದಕ್ಕೆ ತಿರುಗುಮುರುಗಾದುದು 1915ರಲ್ಲಿ ಅಮೆರಿಕದ ಗ್ರಿಫಿತ್ ತೆಗೆದ 'ದಿ ಬರ್ತ್ ಆಫ್ ಎ ನೇಷನ್'. ಅಲ್ಲಿ ಕರಿಯರನ್ನು ದ್ವೇಷಿಸುವವರು ಖಳರಲ್ಲ, ನಾಯಕರು. ಕೂ ಕ್ಲಕ್ಸ್ ಕ್ಲಾನಿನವರು ಕುದುರೆಯೇರಿ ಬಂದಾಗ ರಕ್ಷಕರು ಬಂದರೆಂದು ಪ್ರೇಕ್ಷಕನು ನಿಟ್ಟುಸಿರು ಬಿಡುವಂತೆ ದೃಶ್ಯವನ್ನು ಹೂಡಲಾಗಿದೆ. ಚಿತ್ರದ ದೋಷವಿರುವುದು ಪಾತ್ರದಲ್ಲಲ್ಲ, ಆ ನಿಟ್ಟುಸಿರಿನಲ್ಲಿ.

ನಮ್ಮವರೇ ಆದ ಶಿವರಾಮ ಕಾರಂತರ 1933ರ ಕಾದಂಬರಿ 'ಚೋಮನ ದುಡಿ'ಯನ್ನು ಬಿ. ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ಆ ಚಿತ್ರಕ್ಕೆ ಸ್ವರ್ಣಕಮಲವೂ ಚೋಮನಾದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ದೊರೆತವು. ಚೋಮನ ಆಸೆ ಬಹು ಚಿಕ್ಕದು: ಒಂದು ತುಂಡು ಗದ್ದೆ, ತನ್ನದೇ ಬೇಸಾಯ. ಒಡೆಯ ಸಂಕಪ್ಪಯ್ಯ ಕ್ರೂರಿಯಲ್ಲ. ಕೊಟ್ಟರೇನು ಎಂದು ಅವನಿಗೂ ಅನ್ನಿಸುತ್ತದೆ. ಆದರೆ ತಾಯಿ ಒಪ್ಪಳು, ಮಗ ಮೀರನು. ಒಂದು ಕುಲದ ಬಾಳು ಇಷ್ಟು ಮೆತ್ತಗೆ, ಇಷ್ಟು ಮರ್ಯಾದೆಯಿಂದ ಮುರಿದುಹೋಗುತ್ತದೆ. ಇಲ್ಲಿ ಅಸ್ಪೃಶ್ಯತೆಯನ್ನು ಆಚರಿಸದ ಮೇಲುಜಾತಿಯವನನ್ನು ಹುಡುಕಬೇಕು. ಆದರೂ ಚಿತ್ರ ಒಮ್ಮೆಯೂ ಚೋಮನನ್ನು ಬಿಟ್ಟು ಅವರ ಜಗಲಿಯನ್ನು ಏರುವುದಿಲ್ಲ. ಅವನ ಮಗ ನೀರಿನಲ್ಲಿ ಮುಳುಗುತ್ತಿರುವಾಗ ಮುಟ್ಟಬಾರದವನೆಂದು ಕೈಚಾಚದೆ ನಿಂತವರ ನಡುವೆ, ಸಂಭಾವಿತ ಪ್ರೇಕ್ಷಕನಿಗೆ ತನ್ನ ಮನೆಯ ಹಿರಿಯರ ಮುಖವೂ ಕಾಣಿಸಿಬಿಡುವ ಭಯವಿದೆ.

1970ರ 'ಸಂಸ್ಕಾರ'ವನ್ನು ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದದ್ದು ಈ ಭೇದ ತಿಳಿಯದೆ ಎಂದೇ ನನ್ನ ಎಣಿಕೆ. ಅಗ್ರಹಾರದ ಸಣ್ಣತನವನ್ನು ತೋರಿಸುವುದನ್ನು ಜಾತಿಗೆ ಮಾಡಿದ ಅಪಮಾನವೆಂದು ತಿಳಿದರು. ಅದೇ ಚಿತ್ರ ಮುಂದೆ ರಾಷ್ಟ್ರದ ಅತ್ಯುತ್ತಮ ಕಥಾಚಿತ್ರವೆನಿಸಿತು.

ನಮ್ಮ ತಾಲೂಕುಗಳ ನೆರೆಯ ಕೆರಾಡಿಯವರಾದ ರಿಷಬ್ ಶೆಟ್ಟರ 'ಕಾಂತಾರ' (2022) ಬೇರೊಂದು ತೊಡಕನ್ನು ಮುಂದಿಡುತ್ತದೆ. ಅದರ ಧಣಿ ದೇವೇಂದ್ರನ ಬಾಯಲ್ಲಿ ಬೆಲ್ಲ, ಎದೆಯಲ್ಲಿ ನೆಲದ ಆಸೆ, ಕೊಲೆಗೂ ಹೇಸನು. ಚಿತ್ರ ಅವನ ಪಕ್ಷವಲ್ಲ, ಇದರಲ್ಲಿ ಸಂಶಯವಿಲ್ಲ. ಆದರೆ ದೈವವೇ ಇಳಿದುಬಂದು ದಂಡಿಸಬೇಕಾದಷ್ಟು ಕೆಟ್ಟವನನ್ನು ಕಂಡಾಗ ನಾವು ಚಪ್ಪಾಳೆ ತಟ್ಟಿ, ಹಗುರಾಗಿ ಮನೆಗೆ ಬರುತ್ತೇವೆ. ಸಂಕಪ್ಪಯ್ಯನನ್ನು ಕಂಡು ಹಾಗೆ ಬರಲಾಗದು. ರಾಕ್ಷಸನಾಗಿ ಬಂದ ಜಾತಿ ನಮ್ಮದಲ್ಲವೆಂದು ತಳ್ಳಿಹಾಕುವುದು ಸುಲಭ.

ಇನ್ನು, ಒಬ್ಬನೇ ಒಬ್ಬ ಜಾತಿವಾದಿ ಪಾತ್ರವಿಲ್ಲದ ಚಿತ್ರಗಳ ಮಾತು. ಆಟದ ರಂಗಸ್ಥಳದಲ್ಲಿಯೂ ರಾಜನದು ಗ್ರಂಥಸ್ಥ ಕನ್ನಡ. ಹಾಸ್ಯಗಾರ ಅಗಸನಾಗಿ ಬಂದಾಗ ಮನೆಮಾತು, ಜತೆಗೆ ನಗೆ. ಅಲ್ಲಿಯಾದರೂ ಒಳ್ಳೆಯ ಹಾಸ್ಯಗಾರ ಆ ಮನೆಮಾತಿನಿಂದಲೇ ರಾಜನನ್ನು ಚುಚ್ಚಬಲ್ಲ. ಚಲಚ್ಚಿತ್ರಕ್ಕೆ ಬಂದಾಗ ಕರಾವಳಿಯ ಕನ್ನಡವನ್ನು ಹೋಟೆಲಿನ ಮಾಣಿಗೂ ಅಡಿಗೆಭಟ್ಟನಿಗೂ ಕೊಟ್ಟು ನಗಿಸಿದ್ದುಂಟು. ಕಪ್ಪು ಮೈಬಣ್ಣವನ್ನೇ ನಗೆಹನಿಯಾಗಿಸಿದ್ದುಂಟು. ಅಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ಎಲ್ಲರೂ ಸಜ್ಜನರೇ. ಸೆನ್ಸಾರಿಗೂ ಕತ್ತರಿಸಲು ಒಂದು ಮಾತು ಸಿಗದು. ಕತ್ತಲೆಯ ಚಿತ್ರಮಂದಿರದಲ್ಲಿ ನಗುವವರು ಮಾತ್ರ ನಾವು, ಅದೇ ಮಾತನ್ನಾಡುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು.