ಹಳೇ ಕ್ಯಾಲೆಂಡರಿನ ಗೂಡುದೀಪ
ದೀಪಾವಳಿ ಹೊತ್ತಿಗೆ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಯಲ್ಲಿ ಬೆಂಕಿಕಡ್ಡಿ, ಐಸ್‌ಕ್ರೀಂ ಕಡ್ಡಿ, ಧಾನ್ಯದ ಕಾಳುಗಳೂ ಗೂಡಾಗಿ ಬೆಳಗುತ್ತವೆ. ಅಷ್ಟು ತಾಳ್ಮೆ ಎಲ್ಲರಿಗೆಲ್ಲಿ? ಮನೆಮಟ್ಟಿಗೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಸಾಕು. ಉದ್ದಕ್ಕೆ ಮಡಿಚಿ, ಮಡಿಕೆಯ ಕಡೆಯಿಂದ ಬೆರಳಗಲಕ್ಕೊಂದರಂತೆ ಕತ್ತರಿಸುತ್ತ ಹೋಗಬೇಕು. ಎದುರಂಚಿನ ಒಂದಿಂಚಿಗೆ ಮಾತ್ರ ಕತ್ತರಿ ತಾಗಬಾರದು. ಬಿಡಿಸಿ, ಸುರುಳಿ ಸುತ್ತಿ, ಮೈದಾ ಅಂಟು ಹಚ್ಚಿ ಮೇಲಿನಿಂದ ತುಸು ಒತ್ತಿದರೆ ನಡು ಉಬ್ಬಿದ ಗೂಡು ತಯಾರು. ತಾರೀಕುಗಳ ಬದಿ ಹೊರಗೆ ಬಂದರಂತೂ ಇನ್ನೂ ಚೆಂದ! ಬುಡಕ್ಕೆ ಹಳೇ ಸೀರೆಯ ಚೂರುಗಳ ಬಾಲಂಗೋಚಿ. ಒಳಗೆ ಎಣ್ಣೆದೀಪ ಬೇಡ, ಸಣ್ಣ ಎಲ್‌ಇಡಿ ಬಲ್ಬು ಇರಲಿ. ಕರಾವಳಿಯಲ್ಲಿ ದೀಪಾವಳಿಗೆ ಮಳೆ ಸುರಿಯುವುದೇನೂ ಹೊಸತಲ್ಲವಾದ್ದರಿಂದ ಕಾಗದದ ಗೂಡನ್ನು ಅಂಗಳದ ಬದಲು ಜಗಲಿಯ ಮಾಡಿನಡಿ ತೂಗುಹಾಕುವುದೇ ಲೇಸು.