ಕಳವು, ಕೊಲೆ ಮತ್ತು ಕಲೆ

ಕಳವು ಕೊಲೆಗಳ ಕಥೆಯೆಂದರೆ ರೈಲಿನಲ್ಲಿ ಓದಿ ರೈಲಿನಲ್ಲೇ ಬಿಟ್ಟುಬರತಕ್ಕ ಸರಕೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಇನ್ನೂ ಬಲವಾಗಿದೆ. ಆದರೆ ಜಗತ್ತಿನ ವಿಮರ್ಶಕರು ತಲೆದೂಗಿದ ಚಲಚ್ಚಿತ್ರಗಳನ್ನು ಎಣಿಸಹೊರಟರೆ ಕಾಣುವುದೇನು? 1951ರಲ್ಲಿ ವೆನಿಸ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಕುರೊಸಾವಾನ 'ರಾಶೋಮಾನ್' ಒಂದು ಸಾವಿನ ವಿಚಾರಣೆ. ಡಿ ಸಿಕಾನ 'ಬೈಸಿಕಲ್ ಥೀವ್ಸ್' (1948) ಹೆಸರಿನಲ್ಲೇ ಕಳ್ಳರನ್ನು ಇಟ್ಟುಕೊಂಡಿದೆ. 1972ರ 'ಗಾಡ್‌ಫಾದರ್' ಪಾತಕಿಗಳ ಮನೆತನವೊಂದರ ಚರಿತ್ರೆ. 2019ರಲ್ಲಿ ಕಾನ್ ಉತ್ಸವದ ಪರಮ ಪ್ರಶಸ್ತಿಯನ್ನೂ ಮರುವರ್ಷ ಆಸ್ಕರನ್ನೂ ಗಳಿಸಿದ ಕೊರಿಯಾದ 'ಪ್ಯಾರಸೈಟ್' ವಂಚನೆಯಿಂದ ಹೊರಟು ಕೊಲೆಗಳಲ್ಲಿ ಪರ್ಯವಸಾನವಾಗುತ್ತದೆ. ಇದೆಲ್ಲ ಆಕಸ್ಮಿಕವೆನ್ನಲಾದೀತೆ?

ಪಾಪದಲ್ಲಿ ಮನುಷ್ಯನಿಗಿರುವ ಕುತೂಹಲವೇ ಇದಕ್ಕೆ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವವರುಂಟು. ಸಂಭಾವಿತ ಗೃಹಸ್ಥನೂ ಕತ್ತಲೆಯಲ್ಲಿ ಕುಳಿತು ಎರಡು ಗಂಟೆಗಳ ಕಾಲ ಅಪಾಯವಿಲ್ಲದೆ ಪಾತಕಿಯಾಗಿ ಬರುತ್ತಾನೆ, ನಿಜ. ಆದರೆ ಅದು ಟಿಕೆಟ್ಟಿನ ಮಾರಾಟವನ್ನು ವಿವರಿಸೀತೇ ಹೊರತು ರಸಿಕರ ಮೆಚ್ಚುಗೆಯನ್ನಲ್ಲ.

ಕಾರಣವು ಚಲಚ್ಚಿತ್ರದ ಮಾಧ್ಯಮದಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ವಸ್ತುವೇನೋ ಹಳೆಯದೇ. 'ಮೃಚ್ಛಕಟಿಕ'ದಲ್ಲಿ ಕನ್ನ ಕೊರೆಯುವ ಶರ್ವಿಲಕನೂ ಇದ್ದಾನೆ, ಮಾಡದ ಕೊಲೆಗೆ ವಿಚಾರಣೆಗೊಳಗಾಗುವ ಚಾರುದತ್ತನೂ ಇದ್ದಾನೆ. ಆದರೆ ಶರ್ವಿಲಕನು ಗೋಡೆ ಕೊರೆಯುತ್ತಲೇ ತನ್ನ ಮನಸ್ಸನ್ನು ಮಾತಿನಲ್ಲಿ ನಮಗೆ ತೆರೆದಿಡಬಲ್ಲ. ಕಾದಂಬರಿಕಾರನಂತೂ ಪಾತ್ರದ ತಲೆಯೊಳಗೇ ಬಿಡಾರ ಹೂಡಬಲ್ಲ. ಕ್ಯಾಮರಾಕ್ಕೆ ಆ ಭಾಗ್ಯವಿಲ್ಲ. ಅದು ಮುಖವನ್ನು, ಕೈಯನ್ನು, ಮುಚ್ಚಿದ ಬಾಗಿಲನ್ನು ಹಿಡಿದೀತು, ಅಷ್ಟೆ. ಒಳಗಿನದು ಅದಕ್ಕೆ ದಕ್ಕಬೇಕಾದರೆ ಕ್ರಿಯೆಯಾಗಿ ಹೊರಬೀಳಬೇಕು. ಅಪರಾಧವು ಅಂಥ ಕ್ರಿಯೆ. ಅದು ನಡೆದ ಮೇಲೆ ದಿನಬಳಕೆಯ ವಸ್ತುಗಳೂ ಸಾಕ್ಷಿಗಳಾಗಿ ನಿಲ್ಲುತ್ತವೆ. ಜರ್ಮನಿಯ ಫ್ರಿಟ್ಜ್ ಲಾಂಗ್ 1931ರಲ್ಲಿ ತೆಗೆದ 'ಎಮ್' ಚಿತ್ರದಲ್ಲಿ ಮಗುವಿನ ಕೊಲೆಯನ್ನು ತೋರಿಸುವುದೇ ಇಲ್ಲ. ತಾಯಿ ಮೇಜಿನ ಮೇಲಿಟ್ಟ ಬರಿಯ ತಟ್ಟೆ, ಹುಲ್ಲಿನ ಮೇಲೆ ಉರುಳಿ ಬರುವ ಚೆಂಡು, ತಂತಿಗಳಿಗೆ ಸಿಕ್ಕಿಕೊಂಡ ಬಲೂನು, ಇಷ್ಟೇ. ಒಂದು ಹನಿ ರಕ್ತವನ್ನೂ ಕಾಣದೆ ನಾವು ನಡುಗುತ್ತೇವೆ.

ಡಿ ಸಿಕಾನ ಚಿತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಯುದ್ಧಾನಂತರದ ರೋಮಿನಲ್ಲಿ ಆಂಟೋನಿಯೊಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಗುತ್ತದೆ. ಅದಕ್ಕೆ ಸೈಕಲ್ ಬೇಕು. ಗಿರವಿಯಲ್ಲಿರುವ ಸೈಕಲನ್ನು ಬಿಡಿಸಲು ಹೆಂಡತಿ ಹಾಸಿಗೆಯ ಚಾದರಗಳನ್ನು ಗಿರವಿ ಇಡುತ್ತಾಳೆ. ಅಂಗಡಿಯವನು ಆ ಗಂಟನ್ನು ಹೊತ್ತು ಮೇಲೇರುವಾಗ, ಅಂಥವೇ ಗಂಟುಗಳು ಸೂರಿನವರೆಗೆ ಒಟ್ಟಿರುವುದು ಕಾಣುತ್ತದೆ. ಒಂದು ಊರಿನ ಬಡತನವನ್ನು ಇದಕ್ಕಿಂತ ಮಿತವಾಗಿ ಹೇಳಲು ಯಾವ ಅರ್ಥಶಾಸ್ತ್ರಜ್ಞನಿಗೆ ಸಾಧ್ಯ? ಮೊದಲ ದಿನವೇ ಸೈಕಲ್ ಕಳುವಾಗುತ್ತದೆ. ಹುಡುಕಿ ಹುಡುಕಿ ಸೋತ ಆಂಟೋನಿಯೊ ಕಡೆಗೆ ತಾನೇ ಇನ್ನೊಬ್ಬನ ಸೈಕಲ್ಲಿಗೆ ಕೈಹಾಕಿ, ಮಗನ ಕಣ್ಣೆದುರಿಗೇ ಸಿಕ್ಕಿಬೀಳುತ್ತಾನೆ. ಮಗುವಿನ ಮುಖ ನೋಡಿ ಸೈಕಲ್ಲಿನ ಒಡೆಯ ಅವನನ್ನು ಬಿಟ್ಟುಬಿಡುತ್ತಾನೆ. ಕಳ್ಳನನ್ನು ಶಪಿಸುತ್ತ ಕುಳಿತಿದ್ದ ನಾವು, ಕಳ್ಳನಾಗುವುದು ಎಷ್ಟು ಸುಲಭವೆಂಬುದನ್ನು ಕಂಡು ತಲೆತಗ್ಗಿಸುತ್ತೇವೆ.

'ರಾಶೋಮಾನ್' ಚಿತ್ರದಲ್ಲಿ ನ್ಯಾಯಾಧೀಶನ ಮುಖವಾಗಲಿ ಧ್ವನಿಯಾಗಲಿ ಇಲ್ಲ. ಸಾಕ್ಷಿಗಳು ನಮ್ಮ ಕಡೆಗೇ ಮುಖಮಾಡಿ ಹೇಳಿಕೆ ಕೊಡುತ್ತಾರೆ. ತೀರ್ಪಿನ ಪೀಠ ನಮ್ಮದು. ಲೋಕದ ನ್ಯಾಯಾಲಯಗಳಲ್ಲಿ ಆರೋಪಿಯು ತಪ್ಪನ್ನು ಅಲ್ಲಗಳೆಯುವುದು ವಾಡಿಕೆ. ಇಲ್ಲಿಯಾದರೋ ದರೋಡೆಗಾರ, ಹೆಂಡತಿ, ಮಾಧ್ಯಮಳೊಬ್ಬಳ ಬಾಯಲ್ಲಿ ಮಾತಾಡುವ ಸತ್ತ ಗಂಡ, ಈ ಮೂವರೂ ಸಾವು ತಮ್ಮ ಕೈಯಿಂದಲೇ ಆಯಿತೆಂಬಂತೆ ನುಡಿಯುತ್ತಾರೆ. ಶಿಕ್ಷೆಯ ಭಯಕ್ಕಿಂತ ತನ್ನ ಬಗ್ಗೆ ತಾನು ಕಟ್ಟಿಕೊಂಡ ಚಿತ್ರ ಮನುಷ್ಯನಿಗೆ ದೊಡ್ಡದು. ಈ ಸತ್ಯವನ್ನು ಹೊರಗೆಡಹಲು ಅಪರಾಧದ ವಿಚಾರಣೆಗಿಂತ ತಕ್ಕ ಚೌಕಟ್ಟು ಯಾವುದಿದ್ದೀತು?

ಇಷ್ಟು ಹೇಳಿದ ಮಾತ್ರಕ್ಕೆ ಬಿರುದು ಪಡೆದ ಪಾತಕಚಿತ್ರಗಳಿಗೆಲ್ಲ ನಾನು ವಕಾಲತ್ತು ವಹಿಸಿದೆನೆಂದು ವಾಚಕರು ತಿಳಿಯಬಾರದು. 'ಗಾಡ್‌ಫಾದರ್' ಚಿತ್ರದಲ್ಲಿ ಇಗರ್ಜಿಯೊಳಗೆ ಶಿಶುವಿನ ಜ್ಞಾನಸ್ನಾನ ನಡೆಯುತ್ತಿರುವಂತೆಯೇ ಹೊರಗೆ ಸಾಲಾಗಿ ಕೊಲೆಗಳಾಗುತ್ತವೆ. ಮೈಕೇಲನ ಅಧಃಪತನವನ್ನು ಕೊಪೋಲಾ ಅದ್ಭುತವಾಗಿ ಚಿತ್ರಿಸಿದ್ದಾನೆ, ಸಂದೇಹವಿಲ್ಲ. ಆದರೆ ಸತ್ತವರಿಗಾಗಿ ನಾವು ಮರುಗುವುದಿಲ್ಲ. ಅದನ್ನು ನೋಡಿ ಹೊರಬಂದ ತರುಣನ ಮನಸ್ಸಿನಲ್ಲಿ ಉಳಿಯುವುದು ಮೈಕೇಲನ ಠೀವಿಯೇ ಹೊರತು ಅವನ ಒಂಟಿತನವಲ್ಲವೆಂಬ ಅಂಜಿಕೆ ನನಗಿದೆ. ಅದಕ್ಕೆ 41 ವರ್ಷ ಮೊದಲೇ ಬಂದ 'ಎಮ್' ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿತ್ತು: ನ್ಯಾಯಾಲಯದ ತೀರ್ಪೇನೆಂಬುದನ್ನು ಕೇಳಿಸದೆ, ಕೊನೆಯ ಮಾತನ್ನು ಅದು ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಬಿಟ್ಟುಕೊಟ್ಟಿತು.

ಆದ್ದರಿಂದ ಸಾಹಿತ್ಯದ ವಿದ್ಯಾರ್ಥಿಗಳು ಇಂಥ ಚಿತ್ರವನ್ನು ಕೀಳು ವಸ್ತುವೆಂದು ತಳ್ಳಬೇಕಾಗಿಲ್ಲ. ಪ್ರಶಸ್ತಿ ಬಂದಿತೆಂದು ತಲೆಯ ಮೇಲೆ ಹೊರಬೇಕಾಗಿಯೂ ಇಲ್ಲ. ನೊಂದವರನ್ನು ಅದು ನೆನೆಯಿತೆ, ನೋಡುವವನನ್ನು ವಿಚಾರಣೆಗೆ ಕರೆಯಿತೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿ ಅದರ ಬೆಲೆ ಕಟ್ಟಿದರೆ ಸಾಕು.