ಬೇಡವೆನ್ನುವ ಅಧಿಕಾರ

ಬ್ಯಾಂಕಿನ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕುಳಿತವನಿಗೆ ರುಜುವಿನ ಬೆಲೆ ಗೊತ್ತು. ಹತ್ತು ಸೆಂಟ್ಸ್ ಜಾಗದ ಕೃಷಿಕ ಸಣ್ಣ ಸಾಲಕ್ಕೆ ಬಂದರೂ ಜಾಗದ ದಾಖಲೆ, ತೀರ್ವೆ ರಶೀದಿ, ಜಾಮೀನು ಎಲ್ಲವನ್ನೂ ಕೇಳುತ್ತೇವೆ. ಕೇಳಿದೆವೆಂದು ನಮ್ಮನ್ನು ಯಾರೂ ಸಾಲದ ವೈರಿಗಳೆನ್ನುವುದಿಲ್ಲ. ಆದರೆ ಊರಿನ ನೀರೆಳೆಯಲು ಬಂದ ಕಂಪೆನಿಯೊಡನೆ ಪಂಚಾಯತ್ ಎರಡು ಪ್ರಶ್ನೆ ಕೇಳಿದರೆ ಸಾಕು, 'ಅಭಿವೃದ್ಧಿ ವಿರೋಧಿ' ಎಂಬ ಹಣೆಪಟ್ಟಿ ಸಿದ್ಧ. ಇದು ಯಾವ ನ್ಯಾಯ?

ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡವನ್ನು ನೆನೆಯೋಣ. 2000ದಲ್ಲಿ ಅಲ್ಲಿ ಕೊಕಾ-ಕೋಲಾ ಕಾರ್ಖಾನೆ ಆರಂಭವಾಯಿತು. ಪರವಾನಿಗೆ ಕೊಟ್ಟದ್ದು ಪೆರುಮಾಟ್ಟಿ ಗ್ರಾಮ ಪಂಚಾಯತೇ. ಸುತ್ತಲಿನ ಬಾವಿಗಳ ನೀರು ಇಳಿಯಿತು. ಉಳಿದ ನೀರು ಕುಡಿಯಲೂ ಅನ್ನ ಬೇಯಿಸಲೂ ಆಗದಂತಾಯಿತು ಎಂದು ಜನ ದೂರಿದರು. 2002ರ ಏಪ್ರಿಲ್ 22ರಂದು ಆದಿವಾಸಿಗಳು ಕಾರ್ಖಾನೆಯೆದುರು ಧರಣಿ ಕುಳಿತರು. ಮಯಿಲಮ್ಮ ಎಂಬ ಆದಿವಾಸಿ ಮಹಿಳೆ ಮುಂಚೂಣಿಯಲ್ಲಿದ್ದರು. ಮರುವರ್ಷ ಅದೇ ಪಂಚಾಯತ್ ಲೈಸೆನ್ಸ್ ನವೀಕರಿಸಲು ನಿರಾಕರಿಸಿತು. 2003ರ ಡಿಸೆಂಬರಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅಂತರ್ಜಲ ಸಾರ್ವಜನಿಕರ ಸೊತ್ತೆಂದು ಸಾರಿತು. 2005ರಲ್ಲಿ ವಿಭಾಗೀಯ ಪೀಠ ದಿನಕ್ಕೆ 5 ಲಕ್ಷ ಲೀಟರ್ ಎಳೆಯಬಹುದೆಂದು ತೀರ್ಪನ್ನು ತಿರುಗಿಸಿದರೂ, 2004ರ ಮಾರ್ಚಿನಲ್ಲಿ ಬಾಗಿಲು ಹಾಕಿದ ಕಾರ್ಖಾನೆ ಚೇತರಿಸಿಕೊಳ್ಳಲಿಲ್ಲ. ಮತ್ತೆ ಆರಂಭಿಸುವ ಉದ್ದೇಶವಿಲ್ಲವೆಂದು 2017ರಲ್ಲಿ ಕಂಪೆನಿಯೇ ಸುಪ್ರೀಂ ಕೋರ್ಟಿಗೆ ತಿಳಿಸಿತು.

ಆದರೆ ಪರಿಹಾರ? 2010ರಲ್ಲಿ ಸರಕಾರದ ಉನ್ನತಾಧಿಕಾರ ಸಮಿತಿ ನಷ್ಟವನ್ನು 216 ಕೋಟಿ ರೂಪಾಯಿಗೂ ಮಿಕ್ಕಿ ಅಂದಾಜಿಸಿತು. 2011ರಲ್ಲಿ ವಿಧಾನಸಭೆ ಪರಿಹಾರ ಟ್ರಿಬ್ಯೂನಲ್ ಮಸೂದೆ ಅಂಗೀಕರಿಸಿತು. ರಾಷ್ಟ್ರಪತಿಯ ಅಂಕಿತ ಅದಕ್ಕೆ ದೊರೆಯಲಿಲ್ಲ. ಪಂಚಾಯತಿನ 'ಬೇಡ' ಸಾಧಿಸಿದ್ದನ್ನು ವಿಧಾನಸಭೆಯ ಮಸೂದೆ ಸಾಧಿಸಲಿಲ್ಲ.

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ನಮ್ಮ ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸುರಿಸಿದ್ದು ಖಾಸಗಿ ಕಂಪೆನಿಯೂ ಅಲ್ಲ, ಸರಕಾರದ್ದೇ ಪ್ಲಾಂಟೇಶನ್ ಕಾರ್ಪೊರೇಶನ್. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್ ಹಾರಿತು. ಎಣ್ಮಕಜೆಯ ತೋಡು, ಸುರಂಗಗಳ ನೀರು ಕುಡಿಯುವವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿರೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಆಜ್ಞಾಪಿಸಿತು. ಆ ಪಾಸ್‌ಬುಕ್‌ಗಳಲ್ಲಿ ಮೊತ್ತ ನಮೂದಿಸಬಹುದು. ಹಾಸಿಗೆ ಹಿಡಿದ ಮಗುವಿನ ಬಾಲ್ಯವನ್ನು ಯಾವ ಲೆಡ್ಜರಿನಲ್ಲಿ ಬರೆಯೋಣ? ಮೊದಲೇ ಹೇಳುವ ಒಂದು 'ಬೇಡ', ಆಮೇಲೆ ಬರುವ ನೂರು ಚೆಕ್ಕುಗಳಿಗಿಂತ ದೊಡ್ಡದು.

ಈ ಅಧಿಕಾರಕ್ಕೀಗ ಕತ್ತರಿ ಬೀಳುತ್ತಿದೆ. ಹೂಡಿಕೆಗೆ ಅನುಕೂಲವಾಗಲೆಂದು 2018ರ ಕಾಯಿದೆ ಪಂಚಾಯತ್ ರಾಜ್ ಕಾನೂನನ್ನೂ ತಿದ್ದಿತು. 2019ರ ಕಾಯಿದೆಯಂತೆ ಸಣ್ಣ, ಮಧ್ಯಮ ಉದ್ದಿಮೆದಾರರು ತಾವೇ ಘೋಷಣೆ ಬರೆದುಕೊಟ್ಟು ಸ್ವೀಕೃತಿ ಪಡೆದರೆ ಮೂರು ವರ್ಷ ಹಲವು ಅನುಮತಿಗಳಿಲ್ಲದೆ ನಡೆಸಬಹುದು. ಸಣ್ಣವರ ಅಲೆದಾಟ ತಪ್ಪಲಿ, ಒಪ್ಪೋಣ. ಆದರೆ ಸಾಲಗಾರನೇ ತನಗೆ ಜಾಮೀನು ನಿಲ್ಲುವ ಪದ್ಧತಿ ನಮ್ಮ ಬ್ಯಾಂಕಿನಲ್ಲಂತೂ ಇಲ್ಲ.

ಸರಕಾರವನ್ನಷ್ಟೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ವಾರ್ಡಿನ ಗ್ರಾಮಸಭೆಯಲ್ಲಿ ನಾನು ಕಂಡದ್ದು ಇಷ್ಟು: ಜನ ಬಂದರು, ರಿಜಿಸ್ಟರಿಗೆ ರುಜು ಹಾಕಿದರು, ಆಡು-ಕೋಳಿಯ ಅರ್ಜಿ ಕೊಟ್ಟು ಹೊರಟರು. ಕಾರ್ಯಸೂಚಿ ಮಲಯಾಳದಲ್ಲೇ ಓದಲ್ಪಟ್ಟಿತು. ಪಕ್ಕದಲ್ಲಿದ್ದ ಅಜ್ಜಿ, "ಎಂತ ಹೇಳಿದ್ದು ಮಗಾ?" ಎಂದು ಕೇಳಿದರು. ಅಷ್ಟರಲ್ಲಿ ನಿರ್ಣಯ ಪಾಸಾಗಿತ್ತು. ಕೆಳಗೆ ಅಜ್ಜಿಯ ಹೆಬ್ಬೆಟ್ಟೂ ಇತ್ತು, ನನ್ನ ರುಜುವೂ ಇತ್ತು. ಓದದೆ ರುಜು ಹಾಕಬೇಡಿರೆಂದು ದಿನವೂ ಗಿರಾಕಿಗಳಿಗೆ ಬುದ್ಧಿ ಹೇಳುವವನು ನಾನು! ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಿ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು 1969ರ ಭಾಷಾ ಕಾಯಿದೆ ನಮಗೆ ಕೊಟ್ಟಿದೆ. ನಾವು ಬೋರ್ಡಿನ ಅಕ್ಷರಕ್ಕಾಗಿ ಹೋರಾಡಿದೆವು. ಕಾರ್ಯಸೂಚಿಯ ಅಕ್ಷರವನ್ನು ಮರೆತೆವು.

ಮಲಯಾಳ ಬಲ್ಲ ನೆರೆಯವರೇ, ಇದು ನಿಮ್ಮ ವಿರುದ್ಧದ ಮಾತಲ್ಲ. ಬತ್ತುವ ಬಾವಿ ಭಾಷೆ ಕೇಳುವುದಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಒಟ್ಟಿಗೆ ಕೂರೋಣ; ಎರಡು ಭಾಷೆಗಳಲ್ಲೂ ಓದಿಸೋಣ; ತಿಳಿದ ಮೇಲಷ್ಟೇ ರುಜು ಹಾಕೋಣ. ಬೇಡವಾದದ್ದನ್ನು ಬೇಡವೆಂದೇ ಬರೆಸೋಣ.